ಮೂವತ್ತು ಕೂಡಿಸು

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಚುಕ್ಕಿ ಎಂದೇ ಕರೆಯುತ್ತಿದ್ದರು. ಅದು ಕೆಲಸದಿಂದ ಬಂದ ಬಿರುದು. ಓಡುವವರ, ಜಿಗಿಯುವವರ, ಎಸೆಯುವವರ ವಿಡಿಯೋ ತೆಗೆದು, ಸೆಕೆಂಡಿಗೆ ಇನ್ನೂರು ಚಿತ್ರಗಳಂತೆ ಬಿಡಿಸಿ, ಒಂದೊಂದು ಚಿತ್ರದಲ್ಲೂ ಮಂಡಿಗೊಂದು, ಸೊಂಟಕ್ಕೊಂದು, ಹಿಮ್ಮಡಿಗೊಂದು ಎಂದು ಹದಿನೇಳು ಚುಕ್ಕಿ ಇಡುವುದು ಅವಳ ನೌಕರಿ. ಚುಕ್ಕಿ ಇಟ್ಟು ಮುಗಿಸಿದರೆ ಉಳಿದದ್ದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ: ಯಾವ ಹೆಜ್ಜೆ ಎಷ್ಟು ಉದ್ದ, ಎಷ್ಟು ವೇಗ, ಸೊಂಟ ಎಷ್ಟು ಮೇಲೆ ಹೋಯಿತು. ಹೊಸದಾಗಿ ಸೇರಿದವರು ಯಾರಾದರೂ ಇದೇನು ಮಹಾ ಕೆಲಸ ಎಂದು ಮೂಗು ಮುರಿದರೆ ದೊಡ್ಡ ಮೇಡಂ ಅವರನ್ನು ಅರ್ಧ ದಿನ ಅವಳ ಪಕ್ಕದಲ್ಲಿ ಕೂರಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಮುರಿದ ಮೂಗು ತಾನಾಗಿ ನೆಟ್ಟಗಾಗುತ್ತಿತ್ತು.

ಆ ಸೋಮವಾರ ಬೆಳಿಗ್ಗೆ ಅವಳ ಪರದೆಯ ಮೇಲೆ ಇದ್ದದ್ದು ಅವಳ ತಮ್ಮ ಬಿದ್ದ ವಿಡಿಯೋ.

ತಮ್ಮ ಪೋಲ್ ವಾಲ್ಟ್ ಆಟಗಾರ, ಉದ್ದ ಕೋಲು ಊರಿ ಎತ್ತರದ ಅಡ್ಡಪಟ್ಟಿ ಹಾರುವವನು. ಉದ್ದ ಕಾಲು, ಉದ್ದ ಕತ್ತು, ನಿಂತಲ್ಲೇ ಏನೋ ಯೋಚಿಸುವ ಮುಖ; ಚಿಕ್ಕಂದಿನಿಂದ ಮನೆಯಲ್ಲೂ ಮೈದಾನದಲ್ಲೂ ಅವನು ಕೊಕ್ಕರೆ. ಒಂಬತ್ತು ವಾರದ ಹಿಂದೆ ಒಂದು ಕೂಟದಲ್ಲಿ ಕೋಲು ಅವನನ್ನು ಮೇಲಕ್ಕೆ ಒಯ್ದು, ಆಚೆಗೆ ದಾಟಿಸದೆ, ಅರ್ಧದಲ್ಲೇ ಕೈಬಿಟ್ಟಿತು. ಮುಂದೆ ಮೆತ್ತನೆಯ ಹಾಸು ಇತ್ತು, ಅವನು ಹಿಂದಕ್ಕೆ ಬಿದ್ದ. ಓಟದ ಪಟ್ಟಿಯ ಕೊನೆಯಲ್ಲಿ ಕೋಲಿನ ತುದಿ ಊರಲೆಂದು ನೆಲದಲ್ಲಿ ಹೂತಿಟ್ಟ ಕಬ್ಬಿಣದ ತಗ್ಗು ಇರುತ್ತದೆ, ಅದಕ್ಕೆ ಬಾಕ್ಸ್ ಎನ್ನುತ್ತಾರೆ. ಅದರ ಅಂಚಿನ ಮೇಲೆ ಸೊಂಟ ಊರಿ ಬಿದ್ದ. ಎರಡು ಶಸ್ತ್ರಚಿಕಿತ್ಸೆ ಆದವು. ಇನ್ನು ಜಿಗಿತದ ಮಾತು ಮರೆತುಬಿಡಿ ಎಂದರು ಡಾಕ್ಟರು. ನಡೆಯುವುದು ಮಾತ್ರ ಅವನ ಕೈಯಲ್ಲೇ ಇದೆ, ದಿನಕ್ಕೆ ಹತ್ತು ಹೆಜ್ಜೆ ಹೆಚ್ಚಿಸುತ್ತಾ ಹೋಗಬೇಕು, ಈ ಮೂರು ತಿಂಗಳು ಕಳೆದರೆ ಕಳೆದೇ ಹೋಯಿತು ಎಂದೂ ಹೇಳಿದರು.

ಅವನು ಆರು ಹೆಜ್ಜೆಗಿಂತ ಹೆಚ್ಚು ಇಡುತ್ತಿರಲಿಲ್ಲ. ನೋವು ಕಾರಣವಲ್ಲ. ನೋವಿಗೆ ಅವನು ಎಂದೂ ಸೊಪ್ಪು ಹಾಕಿದವನಲ್ಲ. ಮಂಚದಿಂದ ಬಾಗಿಲವರೆಗೆ ಆರು ಹೆಜ್ಜೆ ಇಟ್ಟು, ಬಾಗಿಲ ಚೌಕಟ್ಟು ಹಿಡಿದು ನಿಂತು, "ಸಾಕು" ಎಂದು ವಾಪಸ್ ಕೂತುಬಿಡುತ್ತಿದ್ದ. ಒಂದು ದಿನ ಅಕ್ಕ ಯಾಕೋ ಎಂದು ಕೇಳಿದ್ದಕ್ಕೆ ಗೋಡೆ ನೋಡುತ್ತಾ ಹೇಳಿದ್ದ.

"ಕೊನೇಲಿ ನಿಧಾನ ಆದೆ ಅಕ್ಕ. ನನಗೇ ಗೊತ್ತಾಯ್ತು. ಬಾಕ್ಸ್ ಹತ್ರ ಬರ್ತಿದ್ದ ಹಾಗೆ ಏನೋ ಎಳೆದ ಹಾಗಾಯ್ತು. ಹೆದರಿಬಿಟ್ಟೆ ಅನ್ಸುತ್ತೆ. ಹದಿಮೂರು ವರ್ಷ ಓಡಿ ಕೊನೇ ಐದು ಹೆಜ್ಜೇಲಿ ಹೆದರಿದೋನಿಗೆ ಕಾಲ್ಯಾಕೆ ಹೇಳು."

ಆಮೇಲೆ, "ನಿನ್ಹತ್ರ ವಿಡಿಯೋ ಇದೆಯಲ್ಲ. ನೋಡಿ ಹೇಳು. ಹೆದರಿದ್ನಾ ಇಲ್ವಾ ಅಷ್ಟೇ. ಸಮಾಧಾನಕ್ಕೆ ಅಂತ ಏನೇನೋ ಹೇಳ್ಬೇಡ" ಎಂದಿದ್ದ.

ಅದೊಂದು ಪ್ರಶ್ನೆ. ಅದಕ್ಕೆ ಉತ್ತರ ಸಿಗದೆ ಅವನು ಏಳನೆಯ ಹೆಜ್ಜೆ ಇಡುವವನಲ್ಲ ಎಂದು ಅಕ್ಕನಿಗೆ ಗೊತ್ತಿತ್ತು. ಒಂದೇ ತಾಯಿಯ ಮಕ್ಕಳು, ಹಟ ಎಂಥದ್ದು ಎಂದು ಅವಳಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ.

ವಿಡಿಯೋ ಅಧಿಕೃತವಾಗಿಯೇ ಅವಳ ಮೇಜಿಗೆ ಬಂದಿತ್ತು. ಕ್ರೀಡಾ ಸಂಘದವರು ತನಿಖೆಗೆ ಮೂವರನ್ನು ನೇಮಿಸಿ, ಪ್ರಯೋಗಾಲಯದಿಂದ ಅಂಕಿಅಂಶದ ವರದಿ ಕೇಳಿದ್ದರು. ವರದಿ ಬರುವ ಮೊದಲೇ ತೀರ್ಪು ತಯಾರಾದ ಹಾಗಿತ್ತು. ಅಂದು ಕೋಚ್ ಅವನ ಕೈಗೆ ಎಂದಿನದಕ್ಕಿಂತ ಒಂದು ಅಳತೆ ಗಟ್ಟಿಯಾದ ಕೋಲು ಕೊಟ್ಟಿದ್ದರು. ಗಟ್ಟಿ ಕೋಲು, ಬಗ್ಗಲಿಲ್ಲ, ಹುಡುಗ ಬಿದ್ದ, ಮುಗಿಯಿತು ಕಥೆ. ಕೋಚ್ ಕೂಡ, ಎಲ್ಲರೂ ಮೇಷ್ಟ್ರು ಎಂದು ಕರೆಯುವ ಆ ಬೋಳು ತಲೆಯ ಮನುಷ್ಯ, ಹೌದು ತಪ್ಪು ನನ್ನದೇ ಎಂದು ಬರೆದುಕೊಟ್ಟು, ಮೈದಾನಕ್ಕೆ ಕಾಲಿಡಬಾರದು ಎಂಬ ಆಜ್ಞೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗಿದ್ದರು.

"ಇದನ್ನ ಬೇರೆಯವರಿಗೆ ಕೊಡ್ತೀನಿ. ಒಡಹುಟ್ಟಿದವನು ಬೀಳೋದನ್ನ ಕೂತು ಅಳೀತೀಯಾ? ಹುಚ್ಚಾ ನಿಂಗೆ?" ಎಂದರು ದೊಡ್ಡ ಮೇಡಂ.

"ನಾನೇ ಮಾಡ್ತೀನಿ ಮೇಡಂ. ಬೇರೆಯವರು ಹಿಮ್ಮಡಿ ಚುಕ್ಕಿನ ಪಾದದ ಮಧ್ಯಕ್ಕೆ ಇಡ್ತಾರೆ."

ಮೇಡಂ ಅವಳ ಮುಖ ನೋಡಿದರು. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಬಹಳ ಹೊತ್ತು ಒಂದೇ ಕಡೆ ಕೂತರೆ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಆ ದಿನದಿಂದ ಅವಳ ಎದೆಗೆ ಹಾಗೆ ಜೋಮು ಹಿಡಿದಿತ್ತು. ಅವಳು ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ಮನೆಯಲ್ಲೂ ಅತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದಳು, ಉಪ್ಪಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಬಸ್ಸಿನಲ್ಲಿ ಯಾರೋ ಕಾಲು ತುಳಿದು ಕ್ಷಮೆ ಕೇಳಿದರೆ ಯಾಕೆ ಕೇಳುತ್ತಿದ್ದಾರೆಂದು ಯೋಚಿಸಬೇಕಾಗುತ್ತಿತ್ತು. ನೆಂಟರು ಕಲ್ಲೆದೆಯವಳು ಅಂದರು. ಅಮ್ಮ ಆ ನೆಂಟರಿಗೆ ಎರಡನೆಯ ಲೋಟ ಚಹಾ ಕೊಡಲಿಲ್ಲ.

ನಾಲ್ಕು ಮೀಟರ್ ಎತ್ತರದಿಂದ ಮನುಷ್ಯ ನೆಲಕ್ಕೆ ಬರಲು ಒಂದು ಸೆಕೆಂಡೂ ಹಿಡಿಯುವುದಿಲ್ಲ. ನೂರ ಎಂಬತ್ತು ಚಿತ್ರ, ಚಿತ್ರಕ್ಕೆ ಹದಿನೇಳರಂತೆ ಮೂರು ಸಾವಿರದ ಅರವತ್ತು ಚುಕ್ಕಿ. ಅವಳು ಬೀಳುವುದರಿಂದಲೇ ಶುರುಮಾಡಿದಳು. ಕಷ್ಟದ್ದು ಮೊದಲು ಮುಗಿಯಲಿ ಎಂದಲ್ಲ, ಫೈಲು ಅಲ್ಲಿ ತೆರೆದುಕೊಂಡಿತ್ತು ಅಷ್ಟೇ. ಮಂಡಿ. ಸೊಂಟ. ಹಿಮ್ಮಡಿ. ಒಂದು ಚಿತ್ರದಿಂದ ಇನ್ನೊಂದಕ್ಕೆ ಅವನು ಮೊದಮೊದಲು ಕೂದಲೆಳೆಯಷ್ಟು ಇಳಿಯುತ್ತಿದ್ದ, ಆಮೇಲೆ ಬೆರಳಿನಷ್ಟು. ಮುಖದ ಮೇಲೂ ಎರಡು ಚುಕ್ಕಿ ಇಡಬೇಕು, ಇಟ್ಟಳು. ಮಧ್ಯಾಹ್ನ ಊಟಕ್ಕೆ ಎದ್ದಾಗ ಅವನು ಇನ್ನೂ ನೆಲಕ್ಕೆ ಎರಡು ಮೀಟರ್ ಮೇಲಿದ್ದ. ಡಬ್ಬಿ ಮುಚ್ಚಿ ಬಂದು ಉಳಿದದ್ದನ್ನು ಇಳಿಸಿದಳು.

ಓಟದ ಭಾಗಕ್ಕೆ ಬಂದದ್ದು ಮಂಗಳವಾರ.

ಈ ಆಟದ ಲೆಕ್ಕ ತೀರ ಸರಳ. ಓಡಿ ತಂದ ವೇಗವನ್ನು ಕೋಲು ಬಗ್ಗುತ್ತಾ ಒಳಗೆ ತೆಗೆದುಕೊಳ್ಳುತ್ತದೆ, ನೆಟ್ಟಗಾಗುತ್ತಾ ಎತ್ತರವಾಗಿ ತಿರುಗಿ ಕೊಡುತ್ತದೆ. ಎಷ್ಟು ಕೊಟ್ಟೆಯೋ ಅಷ್ಟು. ಕೋಲಿಗೆ ದಾಕ್ಷಿಣ್ಯ ಇಲ್ಲ. ಮೋಸ ಇರುವುದೆಲ್ಲ ವೇಗದಲ್ಲಿ, ಯಾಕೆಂದರೆ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರಿ ಇಳಿಯುತ್ತದೆ. ವೇಗ ನೂರಕ್ಕೆ ಆರು ಪಾಲು ತಗ್ಗಿದರೆ ಶಕ್ತಿ ಹನ್ನೊಂದು ಪಾಲು ತಗ್ಗುತ್ತದೆ. ಅಷ್ಟು ತಗ್ಗಿದರೆ ಗಟ್ಟಿ ಕೋಲು ನೇರ ನಿಲ್ಲುವ ಮೊದಲೇ ಸುಸ್ತಾಗಿ, ಹೊತ್ತವನನ್ನು ಬಂದ ದಾರಿಗೇ ತಿರುಗಿ ಕಳಿಸುತ್ತದೆ.

ಬಿದ್ದ ದಿನವೇ ಅವನು ಅದಕ್ಕೆ ಮೊದಲು ಎರಡು ಬಾರಿ ಜಿಗಿದಿದ್ದ, ಎರಡೂ ಚೆನ್ನಾಗಿ. ಎರಡನೆಯದು ಆ ಗಟ್ಟಿ ಕೋಲಿನಲ್ಲೇ. ಆಗ ಕೊನೆಯ ವೇಗ ಸೆಕೆಂಡಿಗೆ ಒಂಬತ್ತು ಮೀಟರ್. ಬಿದ್ದ ಸಲ ಎಂಟೂವರೆ. ಅಂದರೆ ಅವನ ಅನುಮಾನ ಸರಿ. ಕೊನೆಯಲ್ಲಿ ನಿಧಾನವಾಗಿದ್ದ.

ಅವಳಿಗೆ ಏನೂ ಅನ್ನಿಸಲಿಲ್ಲ. ಆ ಅಂಕಿಯನ್ನು ಬರೆದುಕೊಂಡು, ಇದನ್ನು ಹೇಗೆ ಹೇಳುವುದು ಎಂದು ಸ್ವಲ್ಪ ಹೊತ್ತು ಕೂತಳು. ಆಮೇಲೆ ಅಭ್ಯಾಸದಂತೆ ಹೆಜ್ಜೆಗಳ ಉದ್ದ ತೆಗೆದಳು.

ಇಲ್ಲಿ ಒಂದು ಮಾತು ಹೇಳಬೇಕು. ಹೆದರಿದವನ ಹೆಜ್ಜೆ ಗಿಡ್ಡವಾಗುತ್ತದೆ. ಹಳ್ಳದ ಅಂಚಿಗೆ ಬಂದ ಕುದುರೆ ಹೆಜ್ಜೆ ಚಿಕ್ಕದು ಮಾಡುವ ಹಾಗೆ, ಹೆದರಿದ ಜಿಗಿತಗಾರ ತಟತಟ ಎಂದು ಕಾಲು ಬಡಿಯುತ್ತಾನೆ. ಮೇಷ್ಟ್ರು ಇದನ್ನು ನೂರು ಸಲ ಹೇಳಿದ್ದರು, ಅವಳೂ ಹತ್ತಾರು ಆಟಗಾರರಲ್ಲಿ ಅಳೆದು ನೋಡಿದ್ದಳು. ಕೊಕ್ಕರೆಯ ಕೊನೆಯ ಐದು ಹೆಜ್ಜೆ ಗಿಡ್ಡವಾಗಿರಲಿಲ್ಲ. ಉದ್ದವಾಗಿದ್ದವು. ಒಂದೊಂದೂ ಎಂದಿಗಿಂತ ಐದರಿಂದ ಏಳು ಸೆಂಟಿಮೀಟರ್ ಹೆಚ್ಚು. ಅವನು ಬಾಕ್ಸನ್ನು ಮುಟ್ಟಲು ಕಾಲು ಚಾಚಿ ಚಾಚಿ ಓಡಿದ್ದ. ಕಾಲು ಮೈಗಿಂತ ಎಷ್ಟು ಮುಂದೆ ಬಿದ್ದರೆ ನೆಲ ಅಷ್ಟು ಹಿಂದಕ್ಕೆ ತಳ್ಳುತ್ತದೆ. ನೆಲವನ್ನು ಒದ್ದವನಿಗೆ ನೆಲವೂ ಒದೆಯದೆ ಬಿಡುವುದಿಲ್ಲ. ಏನೋ ಎಳೆದ ಹಾಗಾಯ್ತು ಎಂದಿದ್ದನಲ್ಲ, ಅದು ಇದೇ. ಹೆದರಿಕೆ ಅಲ್ಲ.

ಹಾಗಾದರೆ ಅವನಿಗೆ ಅಂದು ದೂರ ಯಾಕೆ ಹೆಚ್ಚಾಯಿತು? ಮೊದಲ ಎರಡು ಜಿಗಿತಗಳಲ್ಲಿ ಒಂದೊಂದರ ಕೊನೆಯ ಐದು ಹೆಜ್ಜೆ ಕೂಡಿದರೂ ಹತ್ತು ಮೀಟರ್ ಮೂವತ್ತೊಂದು. ಬಿದ್ದ ಸಲದ್ದು ಹತ್ತು ಮೀಟರ್ ಅರವತ್ತು. ಕಳೆದಳು. ಇಪ್ಪತ್ತೊಂಬತ್ತು ಸೆಂಟಿಮೀಟರ್.

ಚುಕ್ಕಿ ಇಡುವುದರಲ್ಲಿ ಒಂದು ಸೆಂಟಿಮೀಟರ್ ಹೆಚ್ಚುಕಡಿಮೆ ಆಗುತ್ತದೆ. ಮೂವತ್ತು ಎಂದುಕೊಳ್ಳೋಣ ಎಂದು ಅವಳೇ ತನಗೆ ಹೇಳಿಕೊಂಡಳು. ಹೇಳಿಕೊಂಡ ಮೇಲೆ ಮೌಸ್ ಮೇಲಿದ್ದ ಕೈ ಅಲ್ಲೇ ನಿಂತಿತು.

ಮೂವತ್ತು ಎಂಬ ಸಂಖ್ಯೆ ಅವರ ಮೈದಾನದಲ್ಲಿ ಗೊತ್ತಿಲ್ಲದವರಿಲ್ಲ. ಓಟ ಶುರುಮಾಡುವ ಜಾಗವನ್ನು ಬಾಕ್ಸಿನಿಂದ ಟೇಪು ಹಿಡಿದು ಅಳೆದು ಗುರುತು ಹಾಕುತ್ತಾರೆ, ಅದಕ್ಕೆ ಮಾರ್ಕ್ ಎನ್ನುತ್ತಾರೆ. ಅಲ್ಲಿದ್ದದ್ದು ಒಂದೇ ಟೇಪು, ಐವತ್ತು ಮೀಟರಿನದು. ಏಳು ವರ್ಷದ ಹಿಂದೆ ಹುಲ್ಲು ಕತ್ತರಿಸುವ ಯಂತ್ರ ಅದರ ಮೊದಲ ಮೂವತ್ತು ಸೆಂಟಿಮೀಟರನ್ನು ತಿಂದು ಹಾಕಿತು. "ಮೂತಿ ಹೋದ್ರೇನು, ಮೈಯೆಲ್ಲ ನೆಟ್ಟಗಿದೆ" ಎಂದು ಮೇಷ್ಟ್ರು ಅದನ್ನು ಎಸೆಯಲು ಬಿಡಲಿಲ್ಲ. ತುದಿಯನ್ನು ಬಾಕ್ಸಿಗೆ ಒತ್ತಿದರೆ ಅಲ್ಲಿ ಸೊನ್ನೆಯ ಬದಲು ಮೂವತ್ತು ಇರುತ್ತಿತ್ತು. ಆದ್ದರಿಂದ ಮೂವತ್ತೆಂಟು ಮೀಟರ್ ಇಪ್ಪತ್ತು ಬೇಕಾದವನು ಮೂವತ್ತೆಂಟು ಐವತ್ತರ ಹತ್ತಿರ ಗುರುತು ಹಾಕಬೇಕು. ಮರೆಯದಿರಲಿ ಎಂದು ಮೇಷ್ಟ್ರು ಪ್ರತಿ ಸಲ ಕೂಗುತ್ತಿದ್ದರು: "ಮೂವತ್ತು ಕೂಡಿಸಿದ್ಯಾ?" ಕೂಡಿಸಿದವರು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು. ಒಂದು ಸಲ ಅಮ್ಮ ಆ ಟೇಪಿನಲ್ಲೇ ಬಾಗಿಲು ಅಳೆದು ಪರದೆ ಹೊಲಿದು, ಅದು ಗೇಣುದ್ದ ನೆಲ ಗುಡಿಸುತ್ತಿದ್ದುದನ್ನು ನೋಡಿ ಮೇಷ್ಟ್ರಿಗೆ ಮನಸಾರೆ ಬೈದಿದ್ದಳು.

ಎಲ್ಲ ಕೂಟಗಳಿಗೂ ಆ ಮೂತಿಯಿಲ್ಲದ ಟೇಪು ಮೇಷ್ಟ್ರ ಚೀಲದಲ್ಲಿ ಹೋಗುತ್ತಿತ್ತು. ಆ ದಿನ ಬೆಳಿಗ್ಗೆ ಮೊದಲ ಮಾರ್ಕನ್ನು ಅದರಲ್ಲೇ ಹಾಕಿದ್ದರು. ಎರಡು ಜಿಗಿತ ಆದ ಮೇಲೆ ಹತ್ತು ನಿಮಿಷ ಹನಿ ಉದುರಿತು. ಮೈದಾನದ ಕೆಲಸಗಾರರು ರಬ್ಬರ್ ಪಟ್ಟಿ ಹಾಕಿ ನೀರು ತಳ್ಳುವಾಗ ಎಲ್ಲರ ಅಂಟುಪಟ್ಟಿಯ ಗುರುತುಗಳೂ ಕಿತ್ತುಹೋದವು. ಆ ಹೊತ್ತಿಗೆ ಕೋಚ್‌ಗಳೆಲ್ಲ ಬೇಲಿಯ ಆಚೆ. ಒಬ್ಬೊಬ್ಬ ಆಟಗಾರನ ಜೊತೆ ಒಬ್ಬ ಸಹಾಯಕರು ಒಳಗಿರಬಹುದಿತ್ತು. ಕ್ಯಾಮೆರಾ ನಿಲ್ಲಿಸಿಕೊಂಡು ಚುಕ್ಕಿಯೇ ಇದ್ದಳು. ಬೇಗ ಬೇಗ ಎನ್ನುತ್ತಾ ಅಧಿಕಾರಿ ತನ್ನ ಕೈಯ ಟೇಪು ಕೊಟ್ಟ. ಹಳದಿ ಟೇಪು, ಹೊಚ್ಚ ಹೊಸದು, ತುದಿಯಲ್ಲಿ ಹಿತ್ತಾಳೆಯ ಕೊಕ್ಕೆ. ಕೊಕ್ಕರೆ ಅದರ ತುದಿಯನ್ನು ಬಾಕ್ಸಿಗೆ ಒತ್ತಿ ಹಿಡಿದ. ಅವಳು ಇನ್ನೊಂದು ತುದಿಗೆ ಓಡಿದಳು.

ಬೇಲಿಯ ಆಚೆಯಿಂದ ಮೇಷ್ಟ್ರು ಎಂದಿನಂತೆ ಅದೇ ಮಾತು ಕೂಗಿದ್ದರು. ಅವಳು ಹೆಬ್ಬೆರಳು ಎತ್ತಿದ್ದಳು.

ಪರದೆಯ ಮೇಲೆ ಒಂದು ಕಾಲು ಗಾಳಿಯಲ್ಲಿಟ್ಟುಕೊಂಡು ತಮ್ಮ ನಿಂತಿದ್ದ. ಅವಳು ಫೈಲನ್ನು ಉಳಿಸಿ ಮುಚ್ಚಿದಳು. ಬಚ್ಚಲಿಗೆ ಹೋಗಿ ಕೈ ತೊಳೆದಳು, ಬಂದು ಕೂತಳು, ಮತ್ತೆ ಹೋಗಿ ತೊಳೆದಳು. ಈಗಲಾದರೂ ಏನಾದರೂ ಆಗಬೇಕಿತ್ತು, ಎದೆ ಒಡೆಯಬೇಕಿತ್ತು ಎಂದು ಅವಳಿಗೇ ಅನ್ನಿಸಿತು. ಆಗಲಿಲ್ಲ. ಹೊಟ್ಟೆ ಹಸಿದಿತ್ತು, ಅದೊಂದೇ. ಇಂಥ ಹೊತ್ತಿನಲ್ಲಿ ಹಸಿವಾಗುವುದಕ್ಕೆ ನಾಚಿಕೆಯಾಗಬೇಕು ಎಂದುಕೊಂಡಳು, ಅದೂ ಆಗಲಿಲ್ಲ.

ಎರಡು ಗಂಟೆ ಬಿಡುವು ಕೇಳಿ ಮೇಷ್ಟ್ರ ಮನೆಗೆ ಹೋದಳು.

ಮೇಷ್ಟ್ರು ಮನೆಯ ಮುಂದಿನ ಮೆಟ್ಟಿಲ ಮೇಲೆ ಯಾರದೋ ಓಟದ ಶೂ ಹಿಡಿದು ಅದರ ಮುಳ್ಳುಗಳನ್ನು ತಿರುವಿ ಬಿಚ್ಚುತ್ತಾ ಕೂತಿದ್ದರು. ಮೈದಾನಕ್ಕೆ ಹೋಗಬಾರದು ಎಂದಿದ್ದರೇ ಹೊರತು ಮೈದಾನ ಅವರ ಮನೆಗೆ ಬರಬಾರದು ಎಂದು ಯಾರೂ ಹೇಳಿರಲಿಲ್ಲ. ಅವಳನ್ನು ನೋಡಿ ಸರಿದು ಜಾಗ ಕೊಟ್ಟರು.

"ಬಾ ಮಗಳೇ. ಎಷ್ಟಾಯ್ತು ಹೆಜ್ಜೆ?"

"ಆರೇ."

"ಹುಟ್ಟು ಮೊಂಡ. ಹೇಳು, ಏನು ವಿಷ್ಯ?"

ಅವಳು ಹೇಳಿದಳು. ಅಂಕಿಗಳನ್ನು ಮೊದಲು ಹೇಳಿ, ಹಳದಿ ಟೇಪನ್ನು ಆಮೇಲೆ ಹೇಳಿದಳು. ಮೇಷ್ಟ್ರ ಕೈಯಲ್ಲಿದ್ದ ಮುಳ್ಳು ಜಾರಿ ಎರಡು ಮೆಟ್ಟಿಲು ಕೆಳಗೆ ಹೋಯಿತು. ಅದನ್ನು ಹುಡುಕುವ ನೆಪದಲ್ಲಿ ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.

"ನಾನು ಕೇಳ್ದೆ, ನೀನು ಹೆಬ್ಬೆರಳು ತೋರಿಸ್ದೆ" ಎಂದರು ಕೊನೆಗೆ. "ನನಗೆ ಸಮಾಧಾನ ಆಯ್ತು ನೋಡು. ಪರವಾಗಿಲ್ಲ, ಮಗು ಗಡಿಬಿಡೀಲೂ ಮರೀಲಿಲ್ಲ ಅಂದ್ಕೊಂಡೆ."

ಬೀದಿಯಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು.

"ಬರೀಬೇಡ" ಎಂದರು ಮೇಷ್ಟ್ರು.

"ಮೇಷ್ಟ್ರೇ..."

"ಕೇಳಿಲ್ಲಿ. ನನ್ನ ತಲೆ ಮೇಲೆ ಹಾಕಿ ಆಗಿದೆ. ಬೋಳು ತಲೆ, ಏನು ಹಾಕಿದ್ರೂ ಜಾರಿ ಹೋಗುತ್ತೆ. ಇನ್ನೆರಡು ವರ್ಷಕ್ಕೆ ಹೇಗೂ ಮನೇಲಿ ಕೂರ್ಬೇಕಿತ್ತು. ನಿನ್ನದು ಹಾಗಲ್ಲ, ಅಳೆಯೋದೇ ನಿನ್ನ ಕೆಲಸ. ಅಳತೆ ತಪ್ಪಿದೋಳು ಅಂತ ಹೆಸರು ಬಂದ್ರೆ ನಾಳೆ ಯಾರು ನಿನ್ನ ಅಂಕಿ ನಂಬ್ತಾರೆ? ಟೇಪಿಗೆ ಮೂತಿ ಇಲ್ದೆ ಏಳು ವರ್ಷ ನಡೆಸಿದ್ದು ನಾನು. ನನ್ನದೇ ತಪ್ಪು ಅಂದ್ರೆ ಸುಳ್ಳೂ ಅಲ್ಲ."

"ಅವನಿಗೆ ಏನು ಹೇಳ್ಲಿ?"

"ಕೋಲು ಗಟ್ಟಿ ಇತ್ತು ಅನ್ನು."

"ಹೇಳಿದ್ದೀನಿ. ನಂಬಲ್ಲ. ನಿಧಾನ ಓಡಿದೋನಿಗೆ ತಾನೇ ಕೋಲು ಗಟ್ಟಿ ಆಗೋದು ಅಂತಾನೆ. ಹಾಗಂತ ಕಲಿಸಿದೋರು ನೀವೇ."

ಮೇಷ್ಟ್ರ ಪಾಠವೇ ಮೇಷ್ಟ್ರ ಬಾಯಿ ಮುಚ್ಚಿಸಿತ್ತು.

"ಹೆದರಿದ್ದೆ ಅಂದ್ಕೊಂಡಿದ್ದಾನೆ ಮೇಷ್ಟ್ರೇ. ನೀವು ಎಷ್ಟು ತಪ್ಪು ಹೊತ್ಕೊಂಡ್ರೂ ಅದು ಹೋಗಲ್ಲ."

ಅವರು ಶೂವನ್ನು ಪಕ್ಕಕ್ಕಿಟ್ಟು ಅವಳ ತಲೆಯ ಮೇಲೆ ಕೈ ಇಟ್ಟರು. ಭಾರವಾದ ಕೈ. ಅಷ್ಟು ಅವಳಿಗೆ ಗೊತ್ತಾಯಿತು.

ಪ್ರಯೋಗಾಲಯಕ್ಕೆ ವಾಪಸ್ ಬಂದು ವರದಿ ಬರೆದಳು. ಮೂರು ಪುಟ. ವೇಗ, ಹೆಜ್ಜೆ, ಕೋಲಿನ ಬಾಗು, ಎಲ್ಲಕ್ಕೂ ಒಂದೊಂದು ಕೋಷ್ಟಕ. ಕೊನೆಯ ಪುಟದಲ್ಲಿ, ಓಟದ ಗುರುತು ಇರಬೇಕಾದ ಜಾಗಕ್ಕಿಂತ ಮೂವತ್ತು ಸೆಂಟಿಮೀಟರ್ ಹಿಂದಿತ್ತು, ಗುರುತು ಹಾಕಿದವಳು ನಾನು ಎಂದು ಬರೆದು ಸಹಿ ಮಾಡಿದಳು. ದೊಡ್ಡ ಮೇಡಂ ಎದುರಿಗೇ ನಿಂತು ಓದಿದರು.

"'ಸಹಾಯಕರು' ಅಂತ ಬರೆದ್ರೆ ಸಾಲ್ದಾ?"

"ಸಾಲಲ್ಲ ಮೇಡಂ."

"ಇನ್ನೊಮ್ಮೆ ಯೋಚಿಸು."

"ಅಳೆದಾಯ್ತಲ್ಲ ಮೇಡಂ, ಇನ್ನು ಯೋಚ್ನೆ ಯಾತಕ್ಕೆ?"

ಮೇಡಂ ವರದಿಯನ್ನು ಕವರಿಗೆ ಹಾಕಿದರು, ಅಂಟಿಸಲಿಲ್ಲ. ಒಂದು ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಚುಕ್ಕಿ ಬಸ್ಸು ಹತ್ತಿದಳು.

ಮನೆ ತಲುಪಿದಾಗ ಐದು ಗಂಟೆ, ಬಿಸಿಲು ಇನ್ನೂ ಹೊಸ್ತಿಲ ಮೇಲಿತ್ತು. ಅಮ್ಮ ಹೊಲಿಗೆ ಯಂತ್ರದ ಮುಂದೆ ಇದ್ದಳು. ಐದು ಗಂಟೆ ಎಂದರೆ ನಡೆಯುವ ಹೊತ್ತು. ಆಸ್ಪತ್ರೆಯವರು ಒಂದು ಅಗಲವಾದ ಸೊಂಟದ ಪಟ್ಟಿ ಕೊಟ್ಟಿದ್ದರು. ಅವನು ಮುಂದೆ ವಾಕರ್ ಎಂಬ ನಾಲ್ಕು ಕಾಲಿನ ಚೌಕಟ್ಟು ಹಿಡಿದು ನಡೆಯುವಾಗ, ಹಿಂದಿನಿಂದ ಒಬ್ಬರು ಆ ಪಟ್ಟಿಯನ್ನು ಬಿಗಿಯಾಗಿ ಹಿಡಿದು ಜೊತೆಗೆ ಹೆಜ್ಜೆ ಹಾಕಬೇಕು. ಮೊದಲ ದಿನದಿಂದ ಅದನ್ನು ಹಿಡಿದವಳು ಅಕ್ಕನೇ. ಅಮ್ಮ ಹಿಡಿಯುತ್ತೇನೆ ಎಂದರೆ ಅವನು ಒಪ್ಪುತ್ತಿರಲಿಲ್ಲ. "ನಿನ್ನ ಕೈ ನಡುಗುತ್ತೆ, ಅಕ್ಕ ಹಿಡಿದ್ರೆ ಕಂಬ ಹಿಡಿದ ಹಾಗಿರುತ್ತೆ" ಎನ್ನುತ್ತಿದ್ದ.

ಅವಳು ಮಂಚದ ಅಂಚಿನಲ್ಲಿ ಕೂತು ಕಾಗದಗಳನ್ನು ಅವನ ತೊಡೆಯ ಮೇಲಿಟ್ಟಳು.

"ನೀನು ಹೆದರ್ಲಿಲ್ಲ."

"ಸಮಾಧಾನ ಬೇಡ ಅಂದಿದ್ದೆ."

"ನಾನೇನೂ ಹೇಳ್ತಿಲ್ಲ. ಎರಡನೇ ಪುಟ ನೋಡು."

ಅವನಿಗೆ ಈ ಕೋಷ್ಟಕಗಳನ್ನು ಓದಲು ಬರುತ್ತಿತ್ತು, ಅಕ್ಕನೇ ಕಲಿಸಿದ್ದಳು. ಬೆರಳಿಟ್ಟು ಒಂದೊಂದೇ ಸಾಲು ಇಳಿದ. ಕಿವಿ ಕೆಂಪಾಗುತ್ತಾ ಬಂತು.

"ಉದ್ದ ಆಗಿದೆ" ಎಂದ.

"ಹೂಂ."

"ಐದೂ ಉದ್ದ ಆಗಿದೆ. ಗಿಡ್ಡ ಅಲ್ಲ."

"ಒಂದೂ ಗಿಡ್ಡ ಇಲ್ಲ. ಹೆದರಿದೋನು ಹಾಗೆ ಕಾಲು ಚಾಚಲ್ಲ ಕಣೋ."

"ಮತ್ತೆ ಯಾಕೆ ಚಾಚ್ದೆ? ದೂರ ಯಾಕೆ ಜಾಸ್ತಿ ಆಯ್ತು?"

ಅವಳು ಒಂದೇ ದನಿಯಲ್ಲಿ, ಬೆಳಿಗ್ಗೆಯಿಂದ ಮೂರನೆಯ ಸಲ ಹೇಳುತ್ತಿದ್ದ ಮಾತಾದ್ದರಿಂದ ಎಲ್ಲೂ ತಡವರಿಸದೆ ಹೇಳಿದಳು. "ಮಾರ್ಕ್ ಮೂವತ್ತು ಹಿಂದಿತ್ತು. ಮಳೆ ಆದ್ಮೇಲೆ ನಾನು ಹಾಕಿದ್ದು. ಅವರು ಕೊಟ್ಟಿದ್ದು ಹೊಸ ಟೇಪು, ನೆಟ್ಟಗಿತ್ತು. ನಾನು ಅದಕ್ಕೂ ಮೂವತ್ತು ಕೂಡಿಸ್ಬಿಟ್ಟೆ."

ಹೊಲಿಗೆ ಯಂತ್ರ ನಿಂತಿತು.

ಕೊಕ್ಕರೆ ಕಾಗದದಿಂದ ತಲೆ ಎತ್ತಲಿಲ್ಲ. "ಅಲ್ಲಿ ನಿಂತಾಗ್ಲೇ ಅನ್ನಿಸಿತ್ತು" ಎಂದ ಮೆಲ್ಲಗೆ. "ಬೆಳಿಗ್ಗೆ ನನ್ನ ಕಾಲು ನೀರು ಹೋಗೋ ಜಾಲರಿ ನೇರಕ್ಕಿತ್ತು. ಆಮೇಲೆ ನೋಡಿದ್ರೆ ಜಾಲರಿ ಮುಂದಿದೆ. ಕೈ ಎತ್ತಿ ಕೇಳೋಣ ಅಂದ್ಕೊಂಡೆ. ಕೈ ಎತ್ತಕ್ಕೂ ಹೋದೆ." ಕಾಗದದ ಅಂಚನ್ನು ಮಡಚಿದ. "ಆಮೇಲೆ, ಅಕ್ಕ ಇಟ್ಟಿದ್ದಲ್ವಾ, ನನ್ನ ಕಣ್ಣೇ ತಪ್ಪಿರ್ಬೇಕು ಅಂತ ಓಡ್ದೆ."

ಅವಳು ಅವನ ತೊಡೆಯಿಂದ ಜಾರುತ್ತಿದ್ದ ಮೂರನೆಯ ಪುಟವನ್ನು ಹಿಡಿದು ಮೇಲಿಟ್ಟಳು.

ಅವನು ಮತ್ತೆ ಎರಡನೆಯ ಪುಟಕ್ಕೆ ಹೋದ. ಆ ಐದು ಸಾಲುಗಳನ್ನು ಇನ್ನೊಮ್ಮೆ ಓದಿದ. ಓದುತ್ತಾ ಓದುತ್ತಾ ಮುಖ ಬಿಚ್ಚಿಕೊಂಡಿತು. ಒಂಬತ್ತು ವಾರದಿಂದ ಆ ಮನೆಯಲ್ಲಿ ಯಾರೂ ಕಾಣದಿದ್ದ ನಗು ತುಟಿಗೆ ಬಂತು.

"ಹಾಗಾದ್ರೆ ನಾನು ಹೆದರ್ಲಿಲ್ಲ" ಎಂದ. "ಅಮ್ಮಾ, ಕೇಳಿಸ್ತಾ? ನಾನು ಹೆದರಿರ್ಲಿಲ್ಲ. ಬಾಕ್ಸ್ ಸಿಗೋವರೆಗೂ ಚಾಚಿದ್ದೀನಿ ನೋಡು. ಕೊನೇ ಹೆಜ್ಜೆ ನೋಡಮ್ಮ, ಏಳು ಸೆಂಟಿಮೀಟರ್!"

ಅಮ್ಮ ಬಂದು ಬಾಗಿಲಲ್ಲಿ ನಿಂತಿದ್ದಳು. ಇಬ್ಬರು ಮಕ್ಕಳಲ್ಲಿ ಯಾರ ಮುಖ ನೋಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಸೆರಗಿನಿಂದ ಬಾಯಿ ಒತ್ತಿಕೊಂಡಳು.

"ಚೌಕಟ್ಟು ಕೊಡು" ಎಂದ ಅವನು. ಹೇಳಿಸಿಕೊಳ್ಳದೆ, ತಾನಾಗಿ ಕೇಳಿದ್ದು ಅದೇ ಮೊದಲು.

ಚುಕ್ಕಿ ಎದ್ದು ಚೌಕಟ್ಟನ್ನು ಅವನ ಮುಂದಕ್ಕೆ ಸರಿಸಿದಳು. ಗೂಟದಲ್ಲಿ ನೇತುಹಾಕಿದ್ದ ಸೊಂಟದ ಪಟ್ಟಿ ತೆಗೆದು, ದಿನವೂ ಮಾಡುವಂತೆ ಅವನ ಬೆನ್ನ ಹಿಂದಿನಿಂದ ತಂದು ಬಕಲಿಗೆ ಕೈ ಹಾಕಿದಳು. ಅವನು ಅವಳ ಕೈಯನ್ನು ನೋಡಿದ. ಕೋಪದಿಂದ ನೋಡಿದ್ದರೆ ಚೆನ್ನಾಗಿತ್ತು. ಅವನ ಕಣ್ಣಲ್ಲಿ ಕೋಪ ಇರಲಿಲ್ಲ. ಎತ್ತರದಲ್ಲಿ ನಿಂತವನು ಏಣಿಯನ್ನು ಒಮ್ಮೆ ಅಲುಗಿಸಿ ನೋಡುವಂಥ ನೋಟ ಅದು.

"ನೀನು ಬೇಡ ಅಕ್ಕ" ಎಂದ. "ಅಮ್ಮ ಹಿಡ್ಕೊಳ್ಳಲಿ."

ಅಮ್ಮ ಮಗಳ ಕಡೆ ನೋಡಿದಳು. ಮಗಳು ಪಟ್ಟಿಯನ್ನು ಅವಳ ಕೈಗೆ ಕೊಟ್ಟಳು. ಅಮ್ಮ ಅದನ್ನು ಎಂದೂ ಹಾಕಿದವಳಲ್ಲ, ಎಷ್ಟು ಬಿಗಿ ಬೇಕೆಂದು ತಿಳಿಯದೆ ತಡಕಾಡುತ್ತಿದ್ದಳು.

"ಮೂರನೇ ತೂತು" ಎಂದಳು ಚುಕ್ಕಿ.

ಅವನು ಎದ್ದ. ನಾಲ್ಕು, ಐದು, ಆರು. ಬಾಗಿಲು ಬಂತು. ಚೌಕಟ್ಟನ್ನು ಎತ್ತಿ ಹೊಸ್ತಿಲಿನ ಆಚೆ ಇಟ್ಟು ಏಳನೆಯ ಹೆಜ್ಜೆ ಹಾಕಿದ. ಅಮ್ಮನ ಕೈ ನಡುಗುತ್ತಿತ್ತು, ಪಟ್ಟಿ ಒಮ್ಮೆ ಸಡಿಲ ಒಮ್ಮೆ ಬಿಗಿ ಆಗುತ್ತಿತ್ತು; ಅವನು ಅದನ್ನೆಲ್ಲ ಗಮನಿಸದೆ ಹೊಲಿಗೆ ಯಂತ್ರ ದಾಟಿ, ಅಡಿಗೆಮನೆಯ ಕಡೆ ತಿರುಗಿ ಹೋಗುತ್ತಿದ್ದ. ಹನ್ನೆರಡು. ಹದಿಮೂರು. ಅಮ್ಮ ಅಳುತ್ತಾ ಗಟ್ಟಿಯಾಗಿ ಎಣಿಸುತ್ತಿದ್ದಳು, ಮಧ್ಯದಲ್ಲಿ ಒಂದು ಹೆಜ್ಜೆ ಎಣಿಸದೆ ಬಿಟ್ಟಳು.

ಇಪ್ಪತ್ತು ಎಂದು ಅಮ್ಮ ಕೂಗಿದಾಗ ಆಗಿದ್ದದ್ದು ಇಪ್ಪತ್ತೊಂದು. ಅಕ್ಕನಿಗೆ ಅದು ಗೊತ್ತಿತ್ತು, ಹೇಳಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಅವನು ಚೌಕಟ್ಟು ತಿರುಗಿಸುವ ಸದ್ದು ಕೇಳಿಸಿತು. ಅವನು ವಾಪಸ್ ಬರುವಾಗ ದಾರಿಗೆ ಅಡ್ಡ ಆಗಬಾರದೆಂದು ಅವಳು ಗೋಡೆಗೆ ಇನ್ನಷ್ಟು ಒತ್ತಿಕೊಂಡು ನಿಂತಳು.